ಬಾಟಲಿ ಬಿಸಿಲಿನ ಸಹವಾಸ

ನನ್ನ ಪಾಡಿಗೆ ನಾನಿದ್ದರೂ ಇಂಥ ಫಜೀತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಒಂದು ಮುಗಿಯಿತು, ಉಸ್ಸಪ್ಪಾ ಅಂತ ಕೂರುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಕೆಲಸ ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಔಷಧಿ ಅಂಗಡಿಯಲ್ಲಿ. ಹೀಗೆ ಹೇಳಿದರೆ ಊರಿನ ನೆಂಟರೆಲ್ಲ ನಾನು ಮಾತ್ರೆ ಕೊಡುವವಳು ಅಂದುಕೊಂಡು ಫೋನಿನಲ್ಲಿ ಬಿ.ಪಿ. ಹೇಳತೊಡಗುತ್ತಾರೆ. ಅಲ್ಲ. ಮಾತ್ರೆಯ ಕೌಂಟರಿನಿಂದ ದೂರ, ಕ್ರೀಮು, ಲೋಶನ್ನು, ಲಿಪ್‌ಸ್ಟಿಕ್ಕುಗಳ ಸಾಲಿನಲ್ಲಿ ನಿಂತು ನಿಂತು ಮಂಡಿ ಸವೆಸಿಕೊಂಡವಳು ನಾನು. ಬೇಸಿಗೆ ಹತ್ತಿರ ಬಂತೆಂದರೆ ಆ ಸಾಲಿನಲ್ಲಿ ಒಂದೇ ಸಾಮಾನಿಗೆ ನೂಕುನುಗ್ಗಲು. ಸೆಲ್ಫ್ ಟ್ಯಾನರ್. ಬಿಸಿಲಿಗೆ ಹೋಗದೆ, ಮನೆಯ ಬಚ್ಚಲಲ್ಲೇ ನಿಂತು ಮೈಗೆಲ್ಲ ಹಚ್ಚಿಕೊಂಡು ಮಲಗಿದರೆ, ಬೆಳಿಗ್ಗೆ ಏಳುವಷ್ಟರಲ್ಲಿ ಬಿಳಿ ಮೈ ಕಂದಾಗಿರುತ್ತದೆ. ಹೊರಗೆ ಆಟವಾಡಿದರೆ ಕಪ್ಪಾಗುತ್ತೀಯ, ಒಳಗೆ ಬಾ ಎಂದು ಬೈಸಿಕೊಂಡು ಮೈಸೂರಿನಲ್ಲಿ ಬೆಳೆದ ನಾನು ಇಲ್ಲಿ ಬಾಟಲಿಯಲ್ಲಿ ಬಿಸಿಲು ಮಾರುತ್ತೇನೆ. ಯಾರ ಹಣೆಯಲ್ಲಿ ಏನು ಬರೆದಿರುತ್ತದೋ.

ಅಂಗಡಿಯಲ್ಲಿ ಆದದ್ದು ಅಂಗಡಿಯಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಈ ವರ್ಷ ಅದು ಮನೆಗೂ ಬಂತು. ಮಗನಿಗೆ ಮದುವೆ ಗೊತ್ತಾಯಿತು. ಹುಡುಗಿ ಜರ್ಸಿ ಸಿಟಿಯಲ್ಲಿ ಅವನ ಆಫೀಸಿನವಳೇ, ಇಲ್ಲಿನವಳು. ಕೆಂಚು ಕೂದಲು, ಮುಖದ ತುಂಬ ಸಣ್ಣ ಸಣ್ಣ ಚುಕ್ಕೆ, ಹಾಲಿನಂಥ ಬಿಳುಪು. ಬಂಗಾರದಂಥ ಹುಡುಗಿ. ಒಂದೇ ತೊಂದರೆ, ನಮ್ಮ ಮನೆಯ ಗುಂಪು ಫೋಟೋದಲ್ಲಿ ಅವಳನ್ನು ಸೇರಿಸಲು ಯಾವ ಫೋನಿಗೂ ಆಗುತ್ತಿರಲಿಲ್ಲ. ನಿಶ್ಚಿತಾರ್ಥದ ದಿನ ಎಷ್ಟು ಸಲ ತೆಗೆದರೂ ಅಷ್ಟೇ. ಅವಳು ಸರಿಯಾಗಿ ಬಂದರೆ ನಾವೆಲ್ಲ ಕತ್ತಲೆ, ನಾವು ಸರಿಯಾಗಿ ಬಂದರೆ ಅವಳ ಜಾಗದಲ್ಲಿ ಬರೀ ಬೆಳಕು. ನೆಂಟರು ವಾಟ್ಸಾಪಿನಲ್ಲಿ ನಕ್ಕರು. ಟ್ಯೂಬ್‌ಲೈಟ್ ಪಕ್ಕದಲ್ಲಿ ನಿಂತಿದ್ದೀರಾ ಎಂದು ಒಬ್ಬರು ಬರೆದರು. ಅವಳೂ ಎಲ್ಲರ ಜೊತೆ ನಕ್ಕಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು, "ಆಂಟಿ, ಮದುವೆ ಫೋಟೋದಲ್ಲಾದರೂ ನಾನು ನಿಮ್ಮ ಮನೆಯವಳ ಹಾಗೆ ಕಾಣಬೇಕು. ನಿಮಗೆ ಇದೆಲ್ಲ ಗೊತ್ತಲ್ಲ, ಏನಾದರೂ ಮಾಡಿ" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಗಸ್ಟಿನ ಮದುವೆಗೆ ಇದೊಂದು ಜವಾಬ್ದಾರಿಯೂ ನನ್ನ ತಲೆಗೇ ಬಂತು.

ಎಷ್ಟು ದಿನ ಇರುತ್ತೆ?

ಅಂಗಡಿಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತೆ. ನನ್ನ ಜೊತೆಗೆ ಕೆಲಸ ಮಾಡುವ ಇಬ್ಬರು ಹುಡುಗಿಯರಿಗೆ ಇದರಲ್ಲಿ ನನಗಿಂತ ಹೆಚ್ಚು ತಿಳಿವಳಿಕೆಯಿದೆ, ಆದರೆ ಅವರು ಬೆಳ್ಳಗಿದ್ದಾರೆ. ಗಿರಾಕಿಗಳು ಅವರನ್ನು ದಾಟಿಕೊಂಡು ನೆಟ್ಟಗೆ ನನ್ನ ಹತ್ತಿರ ಬರುತ್ತಾರೆ.

ಏಪ್ರಿಲಿನಲ್ಲಿ ಒಬ್ಬ ಹೆಂಗಸು ಬಂದಳು. ಕಪಾಟಿನಲ್ಲಿದ್ದ ಬಾಟಲಿಗಳನ್ನೆಲ್ಲ ತಿರುಗಿಸಿ ನೋಡಿ, ಕೊನೆಗೆ ನನ್ನ ಮೊಣಕೈಯನ್ನು ಬಗ್ಗಿ ನೋಡಿದಳು. ಮೊಣಕೈಯಲ್ಲಿ ಬಣ್ಣ ಗಟ್ಟಿಯಾಗಿ ನಿಂತುಬಿಡುತ್ತದೆ, ಹಚ್ಚಿಕೊಂಡವರು ಸಿಕ್ಕಿಬೀಳುವುದೇ ಅಲ್ಲಿ.

"ಎಷ್ಟು ಸಮನಾಗಿ ಬಂದಿದೆ! ಒಂದು ಗೆರೆ ಇಲ್ಲ. ನಿಮ್ಮದು ಯಾವುದು?"

"ಇದು ಹಚ್ಚಿದ್ದಲ್ಲಮ್ಮ. ಹುಟ್ಟಿನಿಂದ ಇರೋದೇ ಹೀಗೆ."

ಅವಳು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದಳು. "ನನಗೆ ಹೇಳಬಹುದು. ನಾನು ಯಾರಿಗೂ ಹೇಳಲ್ಲ."

ಬೆಳಗಿನಿಂದ ನಿಂತೇ ಇದ್ದೆ, ಕಾಲು ಬೇರೆ ಸಿಡಿಯುತ್ತಿತ್ತು. ವಾದ ಮಾಡುವ ಚೈತನ್ಯವಿರಲಿಲ್ಲ. ಕೈಗೆ ಸಿಕ್ಕಿದ ಒಂದು ಬಾಟಲಿ ತೋರಿಸಿದೆ.

"ಒಂದು ಸಲ ಹಚ್ಚಿದರೆ ಎಷ್ಟು ದಿನ ಇರುತ್ತೆ?"

"ಅವರು ಒಂದು ವಾರ ಅಂತಾರೆ," ಎಂದೆ. "ನನ್ನದಕ್ಕೆ ಐವತ್ತು ವರ್ಷದ ಮೇಲಾಯಿತು. ದಿನಾ ಸ್ನಾನ ಮಾಡ್ತೀನಿ, ಹೋಗಿಲ್ಲ."

ಅವಳು ಎರಡು ಬಾಟಲಿ ತಗೊಂಡಳು.

ಬೇಲಿಯಾಚೆಯ ಬೆನ್ನು

ನಮ್ಮ ಮನೆ ಓಲ್ಡ್ ಬ್ರಿಡ್ಜ್‌ನಲ್ಲಿ. ಪಕ್ಕದ ಮನೆಯವರು ಶಾಲೆಯಲ್ಲಿ ಆಟದ ಮೇಷ್ಟರಾಗಿದ್ದು ನಿವೃತ್ತರಾದವರು, ಅಮೆರಿಕದವರೇ. ತಮ್ಮ ಹೈಸ್ಕೂಲಿನ ಹಳೇ ಗೆಳೆಯರೆಲ್ಲ ಸಮುದ್ರದ ದಂಡೆಯಲ್ಲಿ ಸೇರುತ್ತಾರೆ, ಅಂಗಿ ತೆಗೆಯಬೇಕಾಗುತ್ತದೆ, ಮರ್ಯಾದೆಯ ಪ್ರಶ್ನೆ ಎಂದು ನನ್ನಿಂದಲೇ ಒಂದು ಬಾಟಲಿ ತರಿಸಿಕೊಂಡಿದ್ದರು.

ಒಂದು ಶನಿವಾರ ಬೆಳಿಗ್ಗೆ ಬೇಲಿಯ ಹತ್ತಿರ ಬಂದು ನಿಂತರು. ಮುಂದಿನಿಂದ ನೋಡಿದರೆ ಚೆನ್ನಾಗಿ ಕುದಿಸಿದ ಚಹಾದ ಬಣ್ಣ. ತಿರುಗಿದರು. ಹಿಂದೆ ಕಾಸದ ಹಾಲು. ಹೆಂಡತಿ ಮಗಳ ಮನೆಗೆ ಹೋಗಿದ್ದಾಳೆ, ಬೆನ್ನಿಗೆ ಕೈ ಎಟಕುವುದಿಲ್ಲ, ಏನು ಮಾಡಲಿ ಅಂತ ಕೇಳಿದರು. ನಾನು ಹಚ್ಚುವ ಹಾಗಿಲ್ಲ. ನಮ್ಮ ಯಜಮಾನರನ್ನು ಕೂಗಿದೆ.

ಯಜಮಾನರು ಸಿವಿಲ್ ಇಂಜಿನಿಯರ್. ಬಾಟಲಿ ಕೈಗೆ ತಗೊಂಡು ಅದರ ಮೇಲಿದ್ದದ್ದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಗ್ಯಾರೇಜಿಗೆ ಹೋಗಿ, ಹಿಂದಿನ ವರ್ಷ ಹಿತ್ತಲಿನ ಮರದ ಡೆಕ್ಕಿಗೆ ಬಣ್ಣ ಬಳಿಯಲು ತಂದು ಬಳಸದೆ ಉಳಿದಿದ್ದ ಹೊಸ ರೋಲರ್ ಬಿಡಿಸಿ ತಂದರು. ಆಟದ ಮೇಷ್ಟರು ಬೇಲಿ ಹಿಡಿದು ಬಗ್ಗಿ ನಿಂತರು. ಚಡ್ಡಿಯ ಅಂಚಿಗೆ ಬಣ್ಣ ತಾಗದಿರಲಿ ಎಂದು ಇವರು ಸುತ್ತ ಟೇಪು ಅಂಟಿಸಿದರು.

"ಅಡ್ಡಕ್ಕೆ ಅಲ್ಲ, ಉದ್ದಕ್ಕೆ ಎಳೀಬೇಕು ಕಣೇ," ಎಂದು ನನಗೆ ವಿವರಣೆ ಬೇರೆ. "ಅಡ್ಡ ಎಳೆದರೆ ಗೆರೆ ಕೂರುತ್ತೆ. ಮೊದಲನೇ ಕೋಟು ಒಣಗಲಿ, ಎರಡನೇದು ಹೊಡೆಯೋಣ."

ಎರಡನೇದನ್ನೂ ಹೊಡೆದರು. ಒಂದು ಮಚ್ಚೆ ಬಿಡದೆ ಅಷ್ಟು ಸಮನಾಗಿ ಹೊಡೆದರು. ದೂರ ನಿಂತು, ತಲೆ ವಾರೆ ಮಾಡಿ, ಸಂತೋಷದಿಂದ ನೋಡಿದರು. ಮೇಷ್ಟರು ಗೆಳೆಯರ ಮುಂದೆ ಮರ್ಯಾದೆ ಉಳಿಸಿಕೊಂಡು ಬಂದು ಇವರಿಗೆ ಒಂದು ಡಬ್ಬಿ ಕುಕೀಸ್ ಕೊಟ್ಟುಹೋದರು.

ಮದುವೆಯಾಗಿ ಮೂವತ್ತು ವರ್ಷದ ಮೇಲಾಯಿತು. ನನ್ನ ಬೆನ್ನಿಗೆ ಈ ಮನುಷ್ಯ ಒಂದು ಸಲ ನೋವಿನ ಮುಲಾಮು ಹಚ್ಚಿದವರಲ್ಲ. ಕೇಳಿದರೆ, ಅದಕ್ಕೆ ರೋಲರ್ ಆಗಿಬರಲ್ಲ ಕಣೇ ಎಂದರು.

ಪ್ರಿಂಟಿನವರ ತಪ್ಪು

ಧಾರವಾಡದಿಂದ ಮಗಳ ಮನೆಗೆ ಆರು ತಿಂಗಳಿಗೆ ಬಂದಿದ್ದ ಒಬ್ಬ ಆಂಟಿ ವಾಕಿಂಗ್ ನೆಪದಲ್ಲಿ ದಿನಾ ಅಂಗಡಿಗೆ ಬರುತ್ತಿದ್ದರು. ಕನ್ನಡ ಮಾತಾಡುವ ಜೀವ ಸಿಕ್ಕಿತು ಅಂತ ನನ್ನ ಮೇಲೆ ಪ್ರೀತಿ. ನಾನು ರಜೆಯಲ್ಲಿದ್ದ ದಿನ ಅವರೇ ಕಪಾಟಿನಿಂದ ಏನನ್ನೋ ಆರಿಸಿಕೊಂಡು ಹೋಗಿದ್ದರು. ವಾರ ಬಿಟ್ಟು ಬಂದಾಗ ನನಗೆ ಗುರುತೇ ಸಿಗಲಿಲ್ಲ. ಮುಖದಲ್ಲಿ ಕಣ್ಣು ಹಲ್ಲು ಎರಡೇ ಕಾಣುತ್ತಿದ್ದವು.

"ಏನವಾ ಇದು? ಹಚ್ಚಿದಷ್ಟೂ ಕರ್ರಗಾಗ್ಲಿಕ್ಕತ್ತೀನಲ್ಲ ನಾ!" ಎಂದು ಚೀಲದಿಂದ ಡಬ್ಬಿ ತೆಗೆದು ಇಟ್ಟರು.

"ಆಂಟಿ, ಇದು ಕಪ್ಪಾಗೋದಕ್ಕೆ ಅಂತಲೇ ಹಚ್ಚೋದು."

"ಕಪ್ಪಾಗ್ಲಿಕ್ಕೆ? ಯಾರು ಹಚ್ಕೋತಾರ?"

"ಇಲ್ಲಿನವರು."

"ಯಾಕ, ಅವರಿಗೇನಾಗ್ಯದ?"

ಡಬ್ಬಿಯ ಮೇಲಿನ ಚಿತ್ರ ತೋರಿಸಿದೆ. ಎಡಗಡೆ ಹಚ್ಚುವ ಮೊದಲಿನ ಬಿಳಿ ಮುಖ, ಬಲಗಡೆ ಹಚ್ಚಿದ ಮೇಲಿನ ಕಂದು ಮುಖ. ಆಂಟಿ ಅದನ್ನು ಮೊದಲೇ ನೋಡಿದ್ದರಂತೆ. "ನೋಡೀನಿ ತಗೋ. ಪ್ರಿಂಟಿನವರು ತಪ್ಪಿ ಆ ಕಡೀದು ಈ ಕಡಿ ಹಾಕ್ಯಾರ ಅಂದ್ಕೊಂಡೆ. ಮೊದಲ ಬೆಳ್ಳಗ ಇದ್ದಾಕಿ ಯಾವಾಕಿ ಕ್ರೀಮ್ ಹಚ್ಕೋತಾಳ?"

"ಮೊದಲ ದಿನ ಕಪ್ಪಾದಾಗಲೇ ನಿಲ್ಲಿಸಬಾರದಿತ್ತಾ?"

"ಒಳಗಿನ ಹೊಲಸು ಹೊರಗ ಬರ್ಲಿಕ್ಕತ್ತದ, ಪೂರಾ ಬರ್ಲಿ ಅಂತ ದಿನಕ್ಕ ಎರಡು ಸಲ ಹಚ್ಚಿದೆ."

ನಗು ತಡೆದುಕೊಂಡು ಪಕ್ಕದಲ್ಲಿ ಕೂರಿಸಿದೆ. ವಾರ ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ, ಹೆದರಬೇಡಿ ಎಂದೆ. ಅವರಿಗೆ ಹೆದರಿಕೆಯಿರಲಿಲ್ಲ, ಬೇಸರವಿತ್ತು. ಅಮೆರಿಕಕ್ಕೆ ಹೋಗಿ ಬಂದರೂ ಹಂಗೇ ಅದಾಳಲ್ಲ ಎಂದು ಓಣಿಯವರು ಅನ್ನುತ್ತಾರಂತೆ. ಡಬ್ಬಿಯನ್ನು ನನ್ನ ಕಡೆ ತಳ್ಳಿ ಎದ್ದರು.

"ಒಂದು ಕೆಲಸ ಮಾಡವಾ. ಇದನ್ನು ಹಚ್ಚಿ ಬೆಳ್ಳನ್ನಾಕಿ ಕರ್ರಗಾಗ್ತಾಳಂದ್ರ, ಮಂದಿ ಆಕೀ ಬಿಳುಪು ಒರಸಿ ಎಲ್ಲ್ಯರ ಇಟ್ಟಿರಬೇಕಲ್ಲ. ನಿಮ್ಮ ಮ್ಯಾನೇಜರನ್ನ ಕೇಳಿ ಅದನ್ನ ತರಸು. ನಾ ಅಕ್ಟೋಬರ್ ತನಕಾ ಇಲ್ಲೇ ಇರ್ತೀನಿ."

ಅತಿಥಿ ಕೋಣೆಯ ಹಾಸಿಗೆ

ಮದುವೆಗೆ ಮೂರು ವಾರ ಇರುವಾಗ ಹುಡುಗಿಗೆ ನಮ್ಮ ಮನೆಯ ಬಚ್ಚಲಲ್ಲಿ ಪಾಠ ಶುರುಮಾಡಿದೆ. ಸಹಜವಾಗಿ ಕಾಣಬೇಕೆಂದರೆ ಅವಸರ ಕೂಡದು. ಹಿಂದಿನ ದಿನವೇ ಮೈ ಚೆನ್ನಾಗಿ ಉಜ್ಜಿ ತೊಳೆದಿರಬೇಕು. ಮೊಣಕೈ, ಮಂಡಿ, ಹಿಮ್ಮಡಿಗೆ ಮೊದಲು ಮಾಮೂಲಿ ಕ್ರೀಮು ಹಚ್ಚಬೇಕು, ಇಲ್ಲದಿದ್ದರೆ ಅಲ್ಲಿ ಬಣ್ಣ ಕಟ್ಟಿಕೊಳ್ಳುತ್ತದೆ. ಕೈಗೆ ಗವಸು ಬೇಕು. ಕಾಲಿನಿಂದ ಶುರುಮಾಡಿ ಮೇಲಕ್ಕೆ ಬರಬೇಕು. ಮೊದಲ ದಿನ ತೆಳ್ಳಗೆ, ಎರಡು ದಿನ ಬಿಟ್ಟು ಇನ್ನೊಂದು ಸಲ ತೆಳ್ಳಗೆ. ಹಳೇ ಬಿಸ್ಕತ್ತಿನಂಥ ಒಂದು ವಾಸನೆ ಬರುತ್ತದೆ, ಸಹಿಸಿಕೊಳ್ಳಬೇಕು.

ಅವಳು ಮಗನನ್ನು ಕೈ ಹಿಡಿದು ಕರೆತಂದು, ಆ ಕೈ ತೋರಿಸಿ ಇದೇ ಬಣ್ಣ ಬೇಕು ಎಂದಳು. ಅಷ್ಟಕ್ಕೆಲ್ಲ ಆಸೆಪಡಬೇಡ, ನಿನ್ನ ಬಣ್ಣಕ್ಕಿಂತ ಎರಡು ಮೆಟ್ಟಿಲು ಸಾಕು ಎಂದೆ.

ಮಗನಿಗೆ ಇದೊಂದೂ ಹಿಡಿಸಲಿಲ್ಲ. "ಅಮ್ಮಾ, ಶಿ ಲುಕ್ಸ್ ಫೈನ್. ವೈ ಆರ್ ಯು ಪೇಂಟಿಂಗ್ ಹರ್?" ಎಂದು ಬಾಗಿಲಾಚೆಯಿಂದ ಕೂಗಾಡಿದ.

"ನನ್ನನ್ನು ಕೇಳಬೇಡ ಮಾರಾಯ, ಅವಳನ್ನು ಕೇಳು," ಎಂದೆ. ಅವಳನ್ನು ಕೇಳಿದ. ಅವಳು ಫೋನಿನಲ್ಲಿ ನಿಶ್ಚಿತಾರ್ಥದ ಫೋಟೋ ತೆಗೆದು ತೋರಿಸಿದಳು. ಅವನು ಹೋಗಿ ಗವಸಿನ ಡಬ್ಬಿ ತಂದುಕೊಟ್ಟ.

ಬಣ್ಣ ಚೆನ್ನಾಗಿ ಬಂತು. ನಿಜ ಹೇಳುತ್ತೇನೆ, ನನ್ನ ಕೈಯಿಂದ ಅಷ್ಟು ಚೆನ್ನಾಗಿ ಏನೂ ಬಂದಿರಲಿಲ್ಲ, ಮೈಸೂರು ಪಾಕು ಕೂಡ. ಬಿಸಿಲಲ್ಲಿ ನಾಲ್ಕು ದಿನ ಓಡಾಡಿ ಬಂದವಳ ಹಾಗೆ ಕಾಣುತ್ತಿದ್ದಳು. ಮಗ ಫೋಟೋ ತೆಗೆದ. ಅವಳೂ ಕಂಡಳು, ನಾವೂ ಕಂಡೆವು. ಹುಡುಗಿ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಒಂದನ್ನು ಮಾತ್ರ ಮರೆತಿದ್ದೆ. ಮೊದಲ ದಿನ ಅವಳು ಅತಿಥಿ ಕೋಣೆಯಲ್ಲಿ ಮಲಗಿದ್ದು ನೆಂಟರಿಗೆಂದು ತಂದ ಹೊಚ್ಚಹೊಸ ಬಿಳಿ ಹಾಸಿನ ಮೇಲೆ. ಬೆಳಿಗ್ಗೆ ನೋಡಿದರೆ ತಲೆ, ತೋಳು, ಕಾಲು ಸಮೇತ ಇಡೀ ಹುಡುಗಿ ಹಾಸಿನ ಮೇಲೆ ಮೂಡಿದ್ದಳು. ನಾನು ತಲೆ ಮೇಲೆ ಕೈಹೊತ್ತು ನಿಂತೆ. ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಬಂದು ನೋಡಿದರು.

"ಇದನ್ನ ಒಗೀಬೇಡ. ಮದುವೆಗೆ ಬರೋಕಾಗದವರಿಗೆ ಫ್ರೇಮ್ ಹಾಕಿಸಿ ಕಳಿಸೋಣ."

ಅತ್ತಿಗೆಯ ಕಡಲೆಹಿಟ್ಟು

ಯಜಮಾನರ ಅಕ್ಕ, ಅಂದರೆ ನನ್ನ ಅತ್ತಿಗೆ, ಮದುವೆಗೆಂದು ಬೆಂಗಳೂರಿನಿಂದ ಬಂದರು. ಅರವತ್ತು ದಾಟಿದ್ದಾರೆ, ನನಗಿಂತ ಗಟ್ಟಿಮುಟ್ಟು. ನಮ್ಮ ಕಡೆ ಯಾವ ಮದುವೆಯಾದರೂ ಮದುಮಗಳಿಗೆ ಎಣ್ಣೆ ಅರಿಶಿನದ ಶಾಸ್ತ್ರ ಮಾಡುವುದು ಅವರೇ. ಹುಡುಗಿಯ ಕಡೆಯವರಿಗೆ ಇದೆಲ್ಲ ತಿಳಿಯದು, ನಾವೇ ಮಾಡಿದರಾಯಿತು ಎಂದು ಮದುವೆಯ ಹಿಂದಿನ ದಿನ ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಇಟ್ಟುಕೊಂಡೆವು.

ಲೋಶನ್ನಿನ ವಿಷಯ ನಾನು ಅತ್ತಿಗೆಗೆ ಹೇಳಿರಲಿಲ್ಲ. ಏನೆಂದು ಹೇಳಲಿ? ಬೆಳ್ಳಗಿದ್ದ ಹುಡುಗಿಯನ್ನು ನಾನೇ ಕೂತು ಕಪ್ಪು ಮಾಡಿದೆ ಅಂತಲೇ? ಈಗೆಲ್ಲ ಈ ಶಾಸ್ತ್ರ ಹೆಸರಿಗೆ ಅಷ್ಟೆ, ವೀಳ್ಯದೆಲೆಯಲ್ಲಿ ಎಣ್ಣೆ ಅದ್ದಿ ತಲೆಗೊಂದು ಭುಜಕ್ಕೊಂದು ಮುಟ್ಟಿಸಿ ಮುಗಿಸುತ್ತಾರೆ. ಹುಡುಗಿಗೂ ಧೈರ್ಯ ಹೇಳಿದ್ದೆ: "ದೊಡ್ಡವರು ಏನು ಮಾಡಿದರೂ ಬೇಡ ಅನ್ನಬೇಡ, ತಲೆ ಅಲ್ಲಾಡಿಸು, ಸಾಕು."

ಅಷ್ಟರಲ್ಲಿ ಊಟದವರ ಫೋನು. ಹೋಳಿಗೆ ಹೊತ್ತ ವ್ಯಾನು ನಮ್ಮ ರಸ್ತೆ ಬಿಟ್ಟು ಇನ್ನೆಲ್ಲಿಗೋ ಹೋಗಿತ್ತು. ಅವರಿಗೆ ದಾರಿ ಹೇಳಲು ಒಳಗೆ ಹೋದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಎಂದು ಗಂಟಲು ಹರಿದುಕೊಂಡು ಹಿತ್ತಲಿಗೆ ಬಂದೆ.

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಬೆಂಗಳೂರಿನಿಂದ ತಂದ ಹರಳೆಣ್ಣೆಯನ್ನು ಬಿಸಿಮಾಡಿ ಹುಡುಗಿಯ ಎಡಗೈಗೆ ತಿಕ್ಕಿ, ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರು. ಅದು ಶಾಸ್ತ್ರದ ಉಜ್ಜಾಟವಲ್ಲ, ಹಿತ್ತಾಳೆ ಪಾತ್ರೆ ತಿಕ್ಕುವ ಉಜ್ಜಾಟ. ಹುಡುಗಿ ಹಲ್ಲು ಕಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದಳು. ಹಿಟ್ಟಿನ ಜೊತೆಗೆ ನನ್ನ ಮೂರು ವಾರದ ಕೆಲಸ ಉಂಡೆಯುಂಡೆಯಾಗಿ ಹುಲ್ಲಿನ ಮೇಲೆ ಬೀಳುತ್ತಿತ್ತು. ಅತ್ತಿಗೆ ಒಂದು ಚೊಂಬು ನೀರು ಹೊಯ್ದರು. ತೋಳು ಫಳಫಳ ಬೆಳ್ಳಗೆ ಹೊಳೆಯಿತು.

ಅತ್ತಿಗೆ ಒಂದು ಗಳಿಗೆ ತಮ್ಮ ಕೈಯನ್ನೇ ನೋಡಿಕೊಂಡರು. ಆಮೇಲೆ ಹುಡುಗಿಯ ತೋಳು ಎತ್ತಿ ಎಲ್ಲರಿಗೂ ತೋರಿಸಿದರು.

"ನೋಡ್ರೇ! ಇಷ್ಟು ವರ್ಷದಿಂದ ಎಷ್ಟು ಹುಡುಗೀರಿಗೆ ಉಜ್ಜಿದೀನಿ, ಬೆಳ್ಳಗಾಗ್ತಾರೆ ಬೆಳ್ಳಗಾಗ್ತಾರೆ ಅಂತ. ಒಬ್ಬಳಾದರೂ ಆದಳಾ? ಕಣ್ಣೆದುರಿಗೆ ಆಗಿದ್ದು ಇವತ್ತೇ!"

ಹಿತ್ತಲಲ್ಲಿದ್ದ ಹೆಂಗಸರೆಲ್ಲ ಎದ್ದು ಬಂದರು. ಅದು ಯಾವ ಕಡಲೆಹಿಟ್ಟು, ಯಾವ ಅಂಗಡಿಯದು, ಇನ್ನೂ ಇದೆಯಾ ಎಂದು ಗಲಾಟೆ. ಇಬ್ಬರು ಆಗಲೇ ಬಳೆ ತೆಗೆದು ಕೈ ಚಾಚಿದ್ದರು.

ಹುಡುಗಿ ತನ್ನ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ನೋಡಿಕೊಂಡಳು. ಒಂದು ಕಂದು, ಇನ್ನೊಂದು ಬಿಳಿ, ನಡುವೆ ಕುತ್ತಿಗೆಯ ಹತ್ತಿರ ಜೀಬ್ರಾ. ಮೆಲ್ಲಗೆ, "ಆಂಟಿ, ನಾಳೆ ಫೋಟೋ," ಎಂದಳು. ಕಣ್ಣಿಂದ ನೀರು ಇಳಿಯಿತು. ಮಗ ಓಡಿಬಂದು ಪಕ್ಕದಲ್ಲಿ ಕೂತ. ನನಗೂ ಅಳು ಬಂತು. ಅವಳು ಕೇಳಿದ್ದು ಅದೊಂದನ್ನೇ, ಒಡವೆ ಕೇಳಲಿಲ್ಲ, ಸೀರೆ ಕೇಳಲಿಲ್ಲ.

ಅತ್ತಿಗೆಯನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ಮೊದಲೇ ಒಂದು ಮಾತು ಹೇಳಬಾರದಿತ್ತೇನೇ ಎಂದು ನನ್ನನ್ನು ಬೈದರು. ಆಮೇಲೆ ಹುಡುಗಿಯನ್ನು ನೋಡಿದರು.

"ಎಲ್ಲರ ಥರ ಕಾಣಬೇಕು, ಅಷ್ಟೇ ತಾನೆ ಅವಳಿಗೆ? ಮನೇಲಿರೋ ಅರಿಶಿನ ಎಲ್ಲಾ ತಾ."

ತಂದುಕೊಟ್ಟೆ. ಬೋಗುಣಿಯಲ್ಲಿ ಕಲಸಿ ಮೊದಲು ಹುಡುಗಿಯ ಮುಖಕ್ಕೆ, ಕೈಗೆ, ಕುತ್ತಿಗೆಗೆ ದಪ್ಪಗೆ ಬಳಿದರು. ಆಮೇಲೆ ತಮ್ಮ ಮುಖಕ್ಕೆ. ಆಮೇಲೆ ನನ್ನನ್ನು ಹಿಡಿದುಕೊಂಡರು. ಯಜಮಾನರು ತಪ್ಪಿಸಿಕೊಳ್ಳಲು ಗ್ಯಾರೇಜಿನ ಕಡೆ ಓಡಿದರು, ಮಗನೇ ಹಿಡಿದು ತಂದ. ಶಾಸ್ತ್ರ ನೋಡಲು ಬಂದಿದ್ದ ಹುಡುಗಿಯ ಅಮ್ಮ ತಾವಾಗಿಯೇ ಕೆನ್ನೆ ಒಡ್ಡಿದರು. ಹಿತ್ತಲಲ್ಲಿ ಒಬ್ಬರನ್ನೂ ಬಿಡಲಿಲ್ಲ. ಕೂದಲು ಕಾಣದಂತೆ ಹೆಂಗಸರಿಗೆಲ್ಲ ಟವೆಲು ಕಟ್ಟಿಸಿದರು. ಎಲ್ಲರನ್ನೂ ಒತ್ತಿಕೊಂಡು ಕೂರಿಸಿ, ತಾವು ಮಧ್ಯದಲ್ಲಿ ಕೂತು ಫೋಟೋ ತೆಗೆಸಿದರು.

ಮಗ ಫೋನು ತಿರುಗಿಸಿ ತೋರಿಸಿದ. ಕತ್ತಲೆಯಿಲ್ಲ, ಟ್ಯೂಬ್‌ಲೈಟಿಲ್ಲ. ಹಳದಿ ಮುಖಗಳು, ಹಲ್ಲುಗಳು, ಅಷ್ಟೆ. ಹುಡುಗಿ ಅದನ್ನು ದೊಡ್ಡದು ಮಾಡಿ ಸಣ್ಣದು ಮಾಡಿ ನೋಡಿದಳು. ಮೂಗೊರೆಸಿಕೊಂಡು ನಕ್ಕಳು. ಬಲಗೈಯನ್ನು ಅತ್ತಿಗೆಯ ಮುಂದೆ ಚಾಚಿ, ಇದನ್ನೂ ಉಜ್ಜಿಬಿಡಿ ಎಂದು ಸನ್ನೆ ಮಾಡಿದಳು.

ಫೋಟೋವನ್ನು ಮೈಸೂರಿನಲ್ಲಿ ತಮ್ಮನ ಮನೆಯಲ್ಲಿರುವ ನಮ್ಮ ಅಮ್ಮನಿಗೆ ಕಳಿಸಿದೆವು. ವಯಸ್ಸಾಗಿದೆ, ಅಷ್ಟು ದೂರ ಪ್ರಯಾಣ ಮಾಡಲಾರಳು. ಐದು ನಿಮಿಷದಲ್ಲಿ ವಿಡಿಯೋ ಕಾಲ್ ಬಂತು. ನಾವೆಲ್ಲ ಫೋನಿನ ಸುತ್ತ ಮುತ್ತಿಕೊಂಡೆವು.

"ಏನೇ ಇದು, ಎಲ್ಲಾ ಒಂದೇ ಥರ ಇದೀರಾ! ಇದರಲ್ಲಿ ಮದುಮಗಳು ಯಾರು?"

ಮಗ ಅದನ್ನು ಹುಡುಗಿಗೆ ಇಂಗ್ಲಿಷಿನಲ್ಲಿ ಹೇಳಿದ. "ಶಿ ಕಾಂಟ್ ಟೆಲ್?" ಎಂದು ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ರಿಯಲಿ? ಶಿ ಕಾಂಟ್ ಟೆಲ್?" ಎಂದು ಕುಣಿದೇಬಿಟ್ಟಳು.

ನಾನು ಹೇಳಲು ಬಾಯಿ ತೆರೆದೆ. "ಇರು, ಹೇಳಬೇಡ, ನಾನೇ ಕಂಡುಹಿಡೀತೀನಿ," ಎಂದಳು ಅಮ್ಮ. ತಮ್ಮನ ಫೋನಿನಲ್ಲಿದ್ದ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಬೆರಳಿಟ್ಟಳು. "ಇಲ್ಲಿ ಮಧ್ಯದಲ್ಲಿ ಗುಂಡುಗುಂಡಗೆ ಕೂತಿದಾಳಲ್ಲ, ಇವಳೇ ತಾನೆ? ಲಕ್ಷಣವಾಗಿದಾಳೆ. ಹುಡುಗನಿಗಿಂತ ಸ್ವಲ್ಪ ವಯಸ್ಸು ಜಾಸ್ತಿ ಅನ್ಸುತ್ತೆ. ಹೋಗಲಿ ಬಿಡು, ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ."

ಅತ್ತಿಗೆ ನಮ್ಮನ್ನೆಲ್ಲ ಸರಿಸಿಕೊಂಡು ಮುಂದೆ ಬಂದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಹೊದ್ದುಕೊಂಡು, ತಲೆ ತಗ್ಗಿಸಿ, ನಾಚಿಕೊಂಡು ಫೋನಿಗೆ ನಮಸ್ಕಾರ ಮಾಡಿದರು.